ತಲೆಯ ಮೇಲಿನ ಬಾಡಿಗೆ

"ಕೇಳ್ರಪ್ಪೋ ಕೇಳಿ! ಕಂಚಿನಕೋಟೆಯ ಜಟ್ಟಿರಾಯ ಪ್ರಭುಗಳ ಅಪ್ಪಣೆ! ಕೋಟೆಯೊಳಗಿನ ಮನೆಗಳೆಲ್ಲ ಅರಮನೆಯವು. ನೀವೆಲ್ಲ ಬಾಡಿಗೆಗೆ ಇರುವವರು. ಇನ್ನು ಮುಂದೆ ಯಾರೂ 'ನಮ್ಮ ಮನೆ' ಅನ್ನಕೂಡದು, 'ಬಾಡಿಗೆ ಮನೆ' ಅನ್ನಬೇಕು. ತಪ್ಪಿದವರಿಗೆ ಸೆರೆ. ಇದು ಅನ್ಯಾಯ ಅನ್ನುವವರು ಪ್ರಭುಗಳ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಕೇಳಿದ್ದು ಸಿಕ್ಕೀತು, ತಪ್ಪಿದವರ ತಲೆ ಹೋದೀತು!"

ಡಂಗುರದವನು ಸಾರಿ ಹೋದ. ಎಂಥ ಮಾತು ನೋಡಿ! ಹೊಸ್ತಿಲಿಗೆ ಅರಿಸಿನ ಹಚ್ಚಿದವರು, ಸೂರು ಸೋರಿದಾಗ ಬೋಗುಣಿ ಇಟ್ಟು ಕೂತವರು, ಅದೇ ಗೋಡೆಗಳ ನಡುವೆ ಹೆತ್ತವರು 'ನಮ್ಮನೆ' ಅನ್ನದೆ ಇನ್ನೇನು ಅನ್ನಬೇಕು? ಬಾಡಿಗೆ ಅನ್ನುವುದು ಕೊಡುವ ದಿನ ಬರುವ ಮಾತು. ನೆಂಟರನ್ನು ಕರೆಯುವಾಗ ಯಾರ ಬಾಯಲ್ಲೂ ಅದು ಬರುವುದಿಲ್ಲ.

ಹಾಲವ್ವನ ಬಾಯಲ್ಲೂ ಬರಲಿಲ್ಲ. ಮದುವೆಗಳಿಗೆ ಕೊಪ್ಪರಿಗೆ, ಹಂಡೆ ಬಾಡಿಗೆಗೆ ಕೊಟ್ಟು ಬದುಕುವ ಮುದುಕಿ ಆಕೆ. ಬಿಸಿಲಲ್ಲಿ ಬಂದ ಬಳೆಗಾರ್ತಿಯನ್ನು ಕಂಡು, "ಬಾರವ್ವ, ನಮ್ಮನ್ಯಾಗ ಮಜ್ಜಿಗಿ ಕುಡ್ದು ಹೋಗು" ಅಂದಳು. ಅಷ್ಟಕ್ಕೇ ಸೈನಿಕರು ಎಳೆದೊಯ್ದರು. ಸುದ್ದಿ ಹಾಲವ್ವನ ಮಗ ಕೊಟ್ರನಿಗೆ ಮುಟ್ಟಿತು. ಹೆಗಲ ಮೇಲಿನ ಕೊಪ್ಪರಿಗೆಯನ್ನು ಅಲ್ಲೇ ಇಳಿಸಿ, ಮಸಿ ಕೈಯಲ್ಲೇ ಅರಮನೆಗೆ ನಡೆದ.

ಅಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು, ಒಬ್ಬ ಪಾಳೆಯಗಾರನ ಮಗ, ಇನ್ನೊಬ್ಬ ಪಂಡಿತ. ನ್ಯಾಯ ಕೇಳಲು ಬಂದವರಲ್ಲ, ಗೆದ್ದು ಅರ್ಧ ರಾಜ್ಯ ಕೇಳುವ ಆಸೆಗೆ ಬಂದವರು. ಊರಿನ ಹಿರಿಯರು ಒಂದು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಜಟ್ಟಿರಾಯ ಮೊದಲ ಒಗಟು ಒಡ್ಡಿದ. "ಊರಿಗೆಲ್ಲ ಉಣಿಸುತ್ತದೆ, ತಾನು ಉಣ್ಣುವುದಿಲ್ಲ. ಮದುವೆ ಮನೆಗಳಿಗೆಲ್ಲ ಹೋಗುತ್ತದೆ, ಯಾವ ಮನೆಯಲ್ಲೂ ನೆಲೆ ನಿಲ್ಲುವುದಿಲ್ಲ. ಏನದು?"

"ಅಡುಗೆಯವನು!" ಎಂದ ಪಾಳೆಯಗಾರನ ಮಗ.

"ಅವನು ಎಲ್ಲರಿಗಿಂತ ಮೊದಲೇ ಉಂಡಿರುತ್ತಾನೆ, ಮೂರ್ಖ!" ಎಂದ ರಾಜ. ಅವನ ಕೈ ಕಟ್ಟಿ ಕಂಬದ ಬಳಿ ಕೂರಿಸಿದರು.

ಕೊಟ್ರ ತನ್ನ ಹೆಗಲು ತೋರಿಸಿದ. "ಬಾಡಿಗಿ ಕೊಪ್ಪರಿಗಿ, ಬುದ್ಧೀ. ಅದನ್ನ ಹೊತ್ತು ಈ ಹೆಗಲು ಜಡ್ಡುಗಟ್ಟೇತಿ."

ರಾಜನ ಹುಬ್ಬು ಗಂಟಿಕ್ಕಿತು. "ಎರಡನೆಯದು. ಚೆನ್ನಾಗಿರುವತನಕ ಅವನದು, ಕೆಟ್ಟ ದಿನ ನನ್ನದು. ಏನದು?"

ಪಂಡಿತ ನಕ್ಕ. "ಮಗ, ಪ್ರಭು! ಗೆದ್ದರೆ ಅಪ್ಪನ ಮಗ, ಕೆಟ್ಟರೆ ಅವ್ವನ ಮಗ."

ಸಭೆಗೆ ಸಭೆಯೇ ತಲೆದೂಗಿತು. ರಾಜ ಮಾತ್ರ ಒಪ್ಪಲಿಲ್ಲ. ಪಂಡಿತನೂ ಕಂಬದ ಬಳಿ ಕೂತ.

"ಬಾಡಿಗಿಗೆ ತಂದ ಸಾಮಾನು," ಎಂದ ಕೊಟ್ರ. "ಹಂಡೆ ನೆಟ್ಟಗಿದ್ದರ ನಮ್ಮವ್ವಂದು. ತೂತು ಬಿದ್ದರ ಒಯ್ದವನ ತಲಿಮ್ಯಾಗ."

"ಮೂರನೆಯದು!" ರಾಜ ಸಿಂಹಾಸನದಿಂದ ಎದ್ದ. "ತಲೆಯ ಮೇಲಿರುವುದು ತನ್ನದಲ್ಲ, ಆದರೂ 'ನನ್ನದು' ಅನ್ನುವ ಕಳ್ಳ ಯಾರು?"

ಕೊಟ್ರನಿಗೆ ರಾಜನ ಮನಸ್ಸಿನಲ್ಲಿದ್ದ ಉತ್ತರ ತಕ್ಷಣ ಹೊಳೆಯಿತು. ತಲೆಯ ಮೇಲಿನ ಸೂರು, ಬಾಡಿಗೆಗೆ ಇರುವವರು. ಅಷ್ಟು ಅಂದುಬಿಟ್ಟರೆ ತಲೆ ಉಳಿಯುತ್ತದೆ, ಅವ್ವನೂ ಸೆರೆಯಿಂದ ಬರುತ್ತಾಳೆ. ಆದರೆ ಕಳ್ಳಿಯೆಂಬ ಹೆಸರು ಹೊತ್ತು ಬರುತ್ತಾಳೆ. ಅವನು ಕಣ್ಣೆತ್ತಿ ರಾಜನ ಕಿರೀಟ ನೋಡಿದ.

"ನೀವು," ಎಂದ.

ತಲೆಕಡಿಯುವವನ ಕತ್ತಿ ಒರೆಯಿಂದ ಹೊರಬಂತು. ಕೊಟ್ರ ಹಿಂದೆ ಸರಿಯಲಿಲ್ಲ.

"ಆ ಕಿರೀಟ ಊರಮ್ಮನ ಗುಡಿ ಪೆಟ್ಟಿಗ್ಯಾಗ ಇರೂದು. ಪಟ್ಟದ ದಿನ ಅದನ್ನ ಅಂಟುವಾಳದ ನೊರಿಯೊಳಗ ತೊಳೆದು ಕೊಟ್ಟಾಕಿ ನೀವು ಸೆರಿಗೆ ಹಾಕಿದ ನಮ್ಮವ್ವ. ಗುಡಿ ಬಾಗಲದಾಗ ಬರಿತಲಿಲೆ ನಿಂತು ಹಿರೇರನ್ನ ಏನಂತ ಕೇಳಿದ್ರಿ? ನೀವ ಹೇಳ್ರಿ!"

ಹಿರಿಯರ ನಡುವಿನಿಂದ ಊರಮ್ಮನ ಪೂಜಾರಿ ಎದ್ದು ನಿಂತ. "'ಆಳುವಷ್ಟು ದಿನ ಬಾಡಿಗೆಗೆ ಕೊಡಿ, ನ್ಯಾಯವೇ ಬಾಡಿಗೆ' ಎಂದು ಕೇಳಿದಿರಿ, ಪ್ರಭು. ನಿಮ್ಮ ಅಪ್ಪನೂ ಹಾಗೇ ಕೇಳಿದ್ದರು. ಕೊಟ್ಟವರು ನಾವು."

"ನೀವು 'ನನ್ನ ಕಿರೀಟ' ಅಂತೀರಿ," ಎಂದ ಕೊಟ್ರ. "ಅದಕ್ಕ ಊರು ಯಾವತ್ತಾದರೂ ನಿಮ್ಮನ್ನ ಸೆರಿಗೆ ಹಾಕೇತೇನು?"

ಜಟ್ಟಿರಾಯನ ಕೈ ಕಿರೀಟ ಮುಟ್ಟಿ ಹಾಗೇ ನಿಂತಿತು. ಕೊನೆಗೆ ಕತ್ತಿಯನ್ನು ಒರೆಗೆ ಹಾಕಿಸಿದ. "ಗೆದ್ದೆ. ಏನು ಬೇಕು, ಕೇಳು."

"ನಮ್ಮವ್ವ ಬೇಕು. ಇವರಿಬ್ಬರ ತಲಿ ಉಳೀಬೇಕು. 'ನಮ್ಮನಿ' ಅನ್ನೋ ಮಾತು ಊರಿಗೆ ವಾಪಸ್ ಬರಬೇಕು."

ಅವತ್ತೇ ಡಂಗುರದವನು ಹಿಂದಿನ ಅಪ್ಪಣೆ ರದ್ದಾಯಿತೆಂದು ಸಾರಿದ. ರಾಜ ತಾನೇ ಹೋಗಿ ಸೆರೆಮನೆಯ ಬಾಗಿಲು ತೆಗೆಸಿದ. ಹಾಲವ್ವ ಸೆರಗು ಕೊಡವಿಕೊಂಡು ಹೊರಬಂದು, ಬಿಸಿಲಲ್ಲಿ ಬೆವತು ನಿಂತ ರಾಜನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾರಪ್ಪ, ನಮ್ಮನ್ಯಾಗ ಮಜ್ಜಿಗಿ ಕುಡ್ದು ಹೋಗು," ಎಂದಳು.

ರಾಜ ತಲೆ ತಗ್ಗಿಸಿ ಅವಳ ಹಿಂದೆ ನಡೆದ. ಮಜ್ಜಿಗೆ ಕುಡಿದು ಏಳುವಾಗ ಹಾಲವ್ವ ಅವನ ತಲೆಯತ್ತ ಬೆರಳು ತೋರಿಸಿದಳು. "ನನ್ನ ಕೊಪ್ಪರಿಗಿ ಒಯ್ದವರು ಯಾರೂ ಅದನ್ನ ಖಾಲಿ ತಂದು ಕೊಡೂದಿಲ್ಲ. ಬಡವರೂ ಒಂದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ ಹಾಕಿ ಕೊಡ್ತಾರ. ಆ ಕಿರೀಟಾನೂ ಖಾಲಿ ವಾಪಸ್ ಕೊಡಬ್ಯಾಡಪ್ಪ."

ಕತೆ ನಮ್ಮದು, ಕಿವಿ ನಿಮ್ಮದು. ಎರಡಕ್ಕೂ ಬಾಡಿಗೆ ಕೇಳುವವರು ಇನ್ನೂ ಹುಟ್ಟಿಲ್ಲ.