ಕೆಂಪು ನೆಲದ ಬಲಗಾಲು

ನಿವೃತ್ತ ಶಿರಸ್ತೇದಾರ ವೆಂಕೋಬರಾಯರ ಪಡಸಾಲೆಗೆ ಮೇಸ್ತ್ರಿಯೊಬ್ಬ ರೆಡ್ ಆಕ್ಸೈಡ್ ನೆಲ ಹಾಕಿದ. "ಮೂರು ದಿನ ಯಾರೂ ಕಾಲಿಡಬಾರದು ಸ್ವಾಮಿ" ಎಂದು ಹೇಳಿ ಹೋದ. ಮರುದಿನ ಬಂದು ನೋಡಿದರೆ ಹೊಸ್ತಿಲ ಬಳಿಯೇ ಒಂದು ಬಲಗಾಲಿನ ಅಚ್ಚು.

ರಾಯರು ಗುಡುಗಿದರು. "ನಿನ್ನ ಆಳಿನ ಕಾಲು! ಇಡೀ ನೆಲ ಕಿತ್ತು ಪುಕ್ಕಟೆ ಹಾಕಿಕೊಡು!"

ರಾಯರ ಬಲಗಾಲಿನ ಉಗುರುಗಳು ಇನ್ನೂ ಕೆಂಪಗಿದ್ದವು. ಮೇಸ್ತ್ರಿ ಅದನ್ನು ನೋಡಿದ. ಅಂಗಳದ ದಾಸವಾಳ ಕಿತ್ತು ಅಚ್ಚಿನ ಮೇಲಿಟ್ಟು ಕೈಮುಗಿದ. "ಆಳಿನ ಕಾಲಿಗೆಲ್ಲಿ ಈ ಕಳೆ ಸ್ವಾಮಿ? ಯಾರೋ ಮಹಾಪುರುಷರದು."

ಪಕ್ಕದ ಮನೆ ಸೀತಾಬಾಯಿ ಹೊಸ್ತಿಲಾಚೆಯಿಂದಲೇ ಅಡ್ಡಬಿದ್ದರು. ಸಂಜೆಯೊಳಗೆ ಇಡೀ ಬೀದಿಯೇ ಸೇರಿತು.

"ಎದುರುಮನೆ ಪೋಸ್ಟ್‌ಮಾಸ್ಟರದೇ ಇರಬೇಕು. ದೇವರಂಥ ಮನುಷ್ಯ" ಎಂದರು ಯಾರೋ.

ರಾಯರಿಗೆ ತಡೆಯಲಾಗಲಿಲ್ಲ. "ಅವನದಲ್ಲ ಕಣ್ರೀ, ನನ್ನದು!" ಎಂದು ಎಲ್ಲರೆದುರು ಅಚ್ಚಿನೊಳಗೆ ಕಾಲಿಟ್ಟು ತೋರಿಸಿದರು. ಕಾಲು ಸರಿಯಾಗಿ ಕೂತಿತು. ಜನ ಅವರಿಗೂ ಕೈಮುಗಿದರು.

ಎಲ್ಲರೂ ಹೋದ ಮೇಲೆ ರಾಯರು ಮೆಲ್ಲಗೆ ಕೇಳಿದರು. "ಮೇಸ್ತ್ರಿ, ಒಂಟಿ ಕಾಲು ಚೆನ್ನಾಗಿ ಕಾಣಲ್ಲ. ಎಡಗಾಲನ್ನೂ ಒತ್ತಲಾ?"

"ನೆಲ ಗಟ್ಟಿಯಾಗಿಹೋಯ್ತು ಸ್ವಾಮಿ. ಇಡೀ ನೆಲ ಕಿತ್ತು ಹಾಕಬೇಕು. ಪುಕ್ಕಟೆ ಅಲ್ಲ."