ತೊಗಟೆಯ ದಾರಿ

"ಬುದ್ಧಿ, ಅಡುಗೆ ಮಾಡುವವರಿಗೆ ಹೆಸರಿದೆ. ಉಂಡವರಿಗೆ ತೃಪ್ತಿಯಿದೆ. ನಡುವೆ ಸಾರಿನ ಬಕೆಟ್ಟು ಹಿಡಿದು ಓಡಾಡುವ ನನಗೇನಿದೆ?"

ಗುರುಗಳನ್ನು ಹೀಗೆ ಕೇಳಿದವನು ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ ಮರುಳಯ್ಯ. ನಾಳೆಯಿಂದ ಬಡಿಸುವುದಿಲ್ಲ, ಧ್ಯಾನಕ್ಕೆ ಕೂರುತ್ತೇನೆ ಎಂದೂ ಸೇರಿಸಿದ.

ಗುರುಗಳಿಗೆ ರೇಗಿತು. "ತೀರ್ಮಾನ ಮಾಡಿಕೊಂಡೇ ಬಂದವನು ಪ್ರಶ್ನೆ ಯಾಕಪ್ಪ ಕೇಳುತ್ತೀಯ? ಇರಲಿ. ಪಂಕ್ತಿ ಕೂರುವುದಕ್ಕೆ ಇನ್ನೂ ಹೊತ್ತಿದೆ. ಬಕೆಟ್ಟು ಕೆಳಗಿಟ್ಟು ಕೇಳು" ಎಂದು ಹೇಳತೊಡಗಿದರು.

ಒಬ್ಬ ರೈತನ ಹಿತ್ತಲಿನಲ್ಲಿ ಒಂದು ಮಾವಿನ ಮರವಿತ್ತು. ಅವನ ಹೆಂಡತಿ ಮದುವೆಯಾಗಿ ಬರುವಾಗ ಅವಳ ತಾಯಿ ಕೊಟ್ಟು ಕಳಿಸಿದ ಸಸಿ ಅದು. ತಾಯಿ ತೀರಿಕೊಂಡ ಮೇಲೆ ಅವಳಿಗೆ ತವರು ಎಂದು ಉಳಿದದ್ದು ಆ ಮರವೊಂದೇ. ಮರ ಎತ್ತರಕ್ಕೆ ಬೆಳೆಯಿತು, ಕಾಯಿ ಮಾತ್ರ ಬಿಡಲಿಲ್ಲ. ಕಾಯಿ ಬಿಡದ ಮರದ ತೊಗಟೆಗೆ ಅಲ್ಲಲ್ಲಿ ಮಚ್ಚಿನಿಂದ ಕಚ್ಚು ಹಾಕುವುದು ಆ ಊರಿನ ರೂಢಿ. ನಮ್ಮ ಪುಣ್ಯಾತ್ಮನಿಗೆ ಅಷ್ಟು ಸಾಲಲಿಲ್ಲ. ಕಚ್ಚು ಹಾಕಿದರೆ ಬುಟ್ಟಿ ತುಂಬುವುದಾದರೆ, ಸುತ್ತಲೂ ಸುಲಿದರೆ ಗಾಡಿಯೇ ತುಂಬೀತು ಎಂದುಕೊಂಡ. ಸೊಂಟದೆತ್ತರದಲ್ಲಿ ಅಂಗೈ ಅಗಲ ತೊಗಟೆಯನ್ನು ಮರದ ಸುತ್ತಲೂ ಸುಲಿದೇಬಿಟ್ಟ.

ಆ ವರ್ಷ ಕೊಂಬೆ ಬಾಗುವ ಹಾಗೆ ಕಾಯಿ! ಇನ್ನು ರೈತನನ್ನು ಹಿಡಿಯುವವರು ಯಾರು? ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ಹೆಂಡತಿ ಮೇಲೆ ನೋಡಲಿಲ್ಲ, ಬುಡ ನೋಡಿದಳು. ಗಾಯದ ಮೇಲಿನ ತೊಗಟೆ ಊದಿಕೊಂಡಿತ್ತು. ಕೆಳಗಿನದು ಸುಕ್ಕುಗಟ್ಟಿತ್ತು. ಅವಳ ಅಪ್ಪ ಕಸಿ ಕಟ್ಟುತ್ತಿದ್ದವನು. ಅವಳಿಗೆ ನೋಡಿದೊಡನೆ ತಿಳಿಯಿತು.

"ಮರ ಸಾಯುತ್ತಿದೆ" ಎಂದಳು.

"ಹೋಗೇ ಹುಚ್ಚಿ! ಎಲೆ ನೋಡು, ಎಷ್ಟು ಹಚ್ಚಗಿದೆ."

"ಬೇರಿನ ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೆ ಹತ್ತುತ್ತಿದೆ, ಅದಕ್ಕೇ ಹಚ್ಚಗಿದೆ. ಆದರೆ ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯಲ್ಲಿ. ಆ ದಾರಿಯನ್ನೇ ನೀವು ಸುಲಿದುಹಾಕಿದಿರಿ. ಬೇರಿನ ಪಾಲನ್ನೂ ಕಾಯಿಗಳೇ ಉಂಡು ಕೊಬ್ಬಿವೆ. ಬೇರು ಉಪವಾಸ ಸತ್ತ ಮೇಲೆ ಇವಕ್ಕೆ ನೀರು ಕಳಿಸುವವರು ಯಾರು?"

ರೈತ ತಲೆಯ ಮೇಲೆ ಕೈ ಹೊತ್ತು ಕೂತ. ಹೇಗೂ ಸಾಯುವ ಮರ, ಕಡಿದರೆ ಸೌದೆಯಾದರೂ ಆಗುತ್ತದೆ ಎಂದು ಕೊಡಲಿ ತಂದ. ಅವಳು ಕೊಡಲಿ ಕಿತ್ತು ಬೇಲಿಯಾಚೆ ಎಸೆದಳು.

ಅದೇ ಮರದ ಎಳೆಯ ಕಡ್ಡಿಗಳನ್ನು ಕೊಯ್ದಳು. ಎರಡು ತುದಿಯನ್ನೂ ಚೂಪು ಮಾಡಿದಳು. ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯೊಳಗೆ, ಇನ್ನೊಂದನ್ನು ಮೇಲಿನ ತೊಗಟೆಯೊಳಗೆ, ಗಾಯಕ್ಕೆ ಸೇತುವೆ ಹಾಕಿದ ಹಾಗೆ ಸಿಕ್ಕಿಸಿದಳು. ಹಳೆ ಸೀರೆಯ ಪಟ್ಟಿಯಿಂದ ಬಿಗಿದು ಕೆಸರು ಮೆತ್ತಿದಳು. ಬಿಸಿಲಿಗೆ ಕಡ್ಡಿಗಳೆಲ್ಲ ಒಣಗಿದವು. ಮತ್ತೆ ಕೊಯ್ದು ಕಟ್ಟಿದಳು. ಅವೂ ಒಣಗಿದವು. "ಮುರಿದ ಕಾಲಿಗೆ ಕಟ್ಟಿದ ಹಾಗೆ ಮರಕ್ಕೆ ಪಟ್ಟಿ ಕಟ್ಟುತ್ತಾಳೆ" ಎಂದು ಊರು ನಕ್ಕಿತು. ಅವಳು ಬುಡದಲ್ಲಿ ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದು ಮತ್ತೆ ಕಡ್ಡಿ ಕೊಯ್ದಳು. ರೈತನಿಗೆ ನಾಚಿಕೆಯಾಯಿತು. ಸುಮ್ಮನೆ ಬಂದು ಪಟ್ಟಿಯ ತುದಿ ಹಿಡಿದುಕೊಂಡ.

ಅಷ್ಟರಲ್ಲಿ ಮಳೆ ಹಿಡಿಯಿತು. ಈ ಸಲ ಕೆಲವು ಕಡ್ಡಿ ಕಚ್ಚಿಕೊಂಡವು, ಬರಬರುತ್ತ ದಪ್ಪವಾದವು. ಒಂದು ಮಗ್ಗುಲ ಕೊಂಬೆ ಒಣಗಿಹೋಯಿತು, ಮರ ಉಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆ ಕಡ್ಡಿಗಳು ಆಮೇಲೆ ಹೂ ಬಿಟ್ಟವೇ, ಬುದ್ಧಿ?" ಮರುಳಯ್ಯ ಕೇಳಿದ.

"ಒಂದೂ ಬಿಡಲಿಲ್ಲ. ಹೂವೂ ಇಲ್ಲ, ಕಾಯೂ ಇಲ್ಲ. ಮೇಲಿನದನ್ನು ಕೆಳಗೆ ಮುಟ್ಟಿಸಿದವು, ಅಷ್ಟೇ."

ಒಳಗೆ ಪಂಕ್ತಿ ಕೂರುವ ಸದ್ದಾಯಿತು. ಗುರುಗಳು ಬಕೆಟ್ಟನ್ನು ಮರುಳಯ್ಯನ ಕಡೆಗೆ ಸರಿಸಿದರು.

"ನಾಳೆಯಿಂದ ಆ ಕಡ್ಡಿಗಳೂ ಧ್ಯಾನಕ್ಕೆ ಕೂತರೆ, ಬೇರಿಗೆ ನಾನು ಏನು ಹೇಳಲಿ, ಮರುಳಯ್ಯ?"