ಹುಚ್ಚೆಳ್ಳಿನ ಎಣ್ಣೆ

"ಗುರುಗಳೇ, ಒಂದು ಸಂಶಯ," ಎಂದ ಶಿಷ್ಯ ಚನ್ನಮಲ್ಲ. "ಈಗ ಜನ ತಮಗೆ ತಿಳಿಯದ್ದನ್ನು ಅಂತರ್ಜಾಲದಲ್ಲಿ ಕೇಳುತ್ತಾರೆ. ಊರು, ಹೆಸರು ಗೊತ್ತಿಲ್ಲದ ಎಷ್ಟೋ ಮಂದಿ ತಮಗೆ ತಿಳಿದಷ್ಟು ಬರೆಯುತ್ತಾರೆ. ಅದರಲ್ಲಿ ತಪ್ಪೂ ಇರುತ್ತದೆ. ನನಗೂ ಕೆಲವು ಸಂಗತಿಗಳು ಗೊತ್ತು, ಆದರೆ ಅರ್ಧ ಮಾತ್ರ. ಪೂರ್ತಿ ತಿಳಿದ ಮೇಲೆ ಬರೆಯೋಣವೆಂದು ಸುಮ್ಮನಿದ್ದೇನೆ. ಇದು ಸರಿಯಲ್ಲವೇ?"

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತ ಹುಚ್ಚೆಳ್ಳು ಬೆಳೆಯುತ್ತಿದ್ದ. ಆ ವರ್ಷ ಅವನ ಹೊಲದ ತುಂಬ ಹಳದಿ ಹೂವಿನ ಮುಳ್ಳುಗಿಡ ಎದ್ದಿತ್ತು. ಒಕ್ಕುವಾಗ ಅದರ ಬೀಜವೂ ಕಾಳಿನ ಜೊತೆ ಬಂತು. ಎರಡೂ ಕಪ್ಪು. ರೈತ ಅದನ್ನು ಕಂಡ. ಕಳೆಯ ಬೀಜ ಒಂದಿಷ್ಟು ಸೇರಿದರೆ ಏನಾದೀತು ಎಂದುಕೊಂಡ.

ಗಾಣದವನು ಆ ಕಾಳನ್ನು ಅರೆದ. ಎಣ್ಣೆ ನಾಲಿಗೆಗೆ ತುಸು ಕಹಿಯೆನಿಸಿತು. ಹೊಸ ಕಾಳಿನ ಗುಣವಿರಬೇಕು ಎಂದುಕೊಂಡು ಊರಿಗೆಲ್ಲ ಮಾರಿದ. ತನ್ನ ಮನೆಗೂ ಅದನ್ನೇ ಇಟ್ಟುಕೊಂಡ.

ಕೆಲವು ವಾರಗಳಲ್ಲಿ ಊರಿನವರ ಕಾಲು ಬಾತವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವೈದ್ಯ ಮನೆಮನೆಗೆ ಹೋಗಿ ಬಾವು ಇಳಿಯುವ ಮದ್ದು ಕೊಟ್ಟ. ಇಳಿದ ಬಾವು ಮತ್ತೆ ಏರಿತು. ಕಾರಣ ಅವನಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಜನರ ಮುಂದೆ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಒಬ್ಬ ನೇಕಾರನ ಮನೆಯಲ್ಲಿ ತಾಯಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಕಾಲು ಬಾತಿತ್ತು. ಅವನಿಗೆ ಇದು ವಿಚಿತ್ರವಾಗಿ ಕಂಡಿತು. ವೈದ್ಯನಿಗೆ ತಿಳಿಯದ್ದು ನನಗೇನು ತಿಳಿದೀತು ಎಂದು ಮಗ್ಗಕ್ಕೆ ಕುಳಿತ.

ಮೊದಲು ಒಬ್ಬ ಮುದುಕ ಸತ್ತ. ಆಮೇಲೆ ಒಬ್ಬ ಬಾಣಂತಿ. ಆಮೇಲೆ ಗಾಣದವನ ಮಗಳು ಸತ್ತಳು. ಮದುವೆ ಗೊತ್ತಾಗಿದ್ದ ಹುಡುಗಿ. ನಡೆಯಬಲ್ಲ ಗಂಡಸರೆಲ್ಲ ಸುಡುಗಾಡಿಗೆ ಬಂದರು. ಸೌದೆ ಹಸಿಯಾಗಿತ್ತು. ಚಿತೆ ನಿಧಾನವಾಗಿ ಉರಿಯಿತು. ಅವರು ಕಾಯುತ್ತ ಕುಳಿತರು.

"ಇದೆಲ್ಲ ಕೆರೆ ನೀರಿನ ಕೆಲಸ," ಎಂದ ಒಬ್ಬ.

"ಅಲ್ಲ," ಎಂದ ನೇಕಾರ. "ನಮ್ಮವ್ವನೂ ಅದೇ ನೀರು ಕುಡಿಯುತ್ತಾಳೆ. ಅವಳಿಗೇನೂ ಆಗಿಲ್ಲ. ಹರಕೆ ಹೊತ್ತು ಎಣ್ಣೆ ಬಿಟ್ಟಿದ್ದಾಳೆ, ಅಷ್ಟೇ."

ವೈದ್ಯ ತಲೆಯೆತ್ತಿದ. "ಎಣ್ಣೆಯೇ?"

"ಈ ಸಲದ ಎಣ್ಣೆ ಕಹಿಯಿತ್ತು," ಎಂದ ಗಾಣದವನು. ದನಿ ತಗ್ಗಿಸಿ ಹೇಳಿದ, ಆದರೂ ಎಲ್ಲರಿಗೂ ಕೇಳಿಸಿತು.

ರೈತ ಎದ್ದು ನಿಂತ. ಮತ್ತೆ ಕೂತ. ಆಮೇಲೆ ಮುಳ್ಳುಗಿಡದ ಬೀಜದ ಮಾತನ್ನು ಹೇಳಿದ.

ಗಾಣದವನು ಚಿತೆಯ ಕಡೆ ತಿರುಗಿದ. "ಈ ಮಾತನ್ನು ಮೊದಲೇ ಆಡಬಾರದಿತ್ತೇ?" ಎಂದ. ಯಾರನ್ನು ಕೇಳಿದನೋ ಯಾರಿಗೂ ತಿಳಿಯಲಿಲ್ಲ.

ಊರವರು ಮನೆಗೆ ಹೋದವರೇ ಎಣ್ಣೆಯನ್ನೆಲ್ಲ ತಿಪ್ಪೆಗೆ ಸುರಿದರು. ಬಹಳ ಜನರ ಬಾವು ಇಳಿಯಿತು. ಕೆಲವರದು ಇಳಿಯಲಿಲ್ಲ. ರೈತನ ಹೆಂಡತಿ ಆ ಕೆಲವರಲ್ಲಿ ಒಬ್ಬಳು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಅವರಲ್ಲಿ ಯಾರಿಗೂ ಪೂರ್ತಿ ತಿಳಿದಿರಲಿಲ್ಲವಲ್ಲ?" ಎಂದ ಚನ್ನಮಲ್ಲ.

"ಇರಲಿಲ್ಲ, ತಿಳಿದ ಅರ್ಧವನ್ನು ಹೇಳಲು ಅವರು ಸುಡುಗಾಡಿನವರೆಗೆ ಕಾದರು, ನೀನು ಎಲ್ಲಿಯವರೆಗೆ ಕಾಯುತ್ತೀಯ?"